‘ಅಳಿಸಿಬಿಡು’ ಎಂದವನು

ಗಾಜಿನ ಬಾಗಿಲು ತಳ್ಳಿಕೊಂಡು ಒಳಬಂದವನನ್ನು ನೋಡಿದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ಇವನಾ?!

ಎಂಟು ತಿಂಗಳಿಂದ ಮರೆಯಬೇಕೆಂದು ಹಟ ಹಿಡಿದಿದ್ದ ಮುಖ! ಅದೇ ಸವೆದ ಬೂದು ಬ್ಯಾಗು, ಒಂದು ಮಡಚಿ ಇನ್ನೊಂದು ಮರೆತ ಅದೇ ಅಂಗಿ ತೋಳು...

"ಬನ್ನಿ ಬನ್ನಿ," ಎಂದು ಟೀಮ್ ಲೀಡ್ ಮೇಡಂ ಎದ್ದರು. "ನೋಡಮ್ಮ, ಪ್ಯಾಕೇಜ್ ಗೋಜಲು ಬಿಡಿಸೋದ್ರಲ್ಲಿ ಇವರದು ಪಳಗಿದ ಕೈಯಂತೆ. ಇವತ್ತೊಂದು ದಿನಕ್ಕೆ ಕರೆಸಿದೀನಿ. ನಾಲ್ಕು ಗಂಟೆಯೊಳಗೆ ಇಬ್ಬರೂ ಸೇರಿ ಸೈಟ್ ಎಬ್ಬಿಸಿ. ಪರಿಚಯ ಮಾಡ್ಕೊಳ್ಳಿ."

ಪರಿಚಯವಂತೆ! ಇವನ ಜೊತೆ ಹೋಗಿ ಉಂಗುರದ ಅಳತೆ ಕೊಟ್ಟು ಬಂದವಳಿಗೆ ಇವನ ಪರಿಚಯ!

"ನಮಸ್ಕಾರ," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. "ನಿಮ್ಮ ಬಗ್ಗೆ ಕೇಳಿದೀನಿ."

ಅವನು ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಮಾತಾಡಿದರೆ ಮುತ್ತು ಉದುರಿಹೋಗುತ್ತೆ ಎನ್ನುವ ಈ ಸ್ವಭಾವಕ್ಕೇ ಅವಳು ಅವನಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದಳು. ಅವನು ಅವಳಿಗೆ ‘ಸಿಡುಕಿ’ ಎಂದಿಟ್ಟಿದ್ದ. ಎರಡೂ ಸುಳ್ಳಲ್ಲ ಬಿಡಿ.

ಕೆಟ್ಟಿದ್ದು ಒಂದು ಕಣ್ಣಿನ ಆಸ್ಪತ್ರೆಯ ವೆಬ್‌ಸೈಟು. ಡಾಕ್ಟರನ್ನು ನೋಡಲು ದಿನ ಗೊತ್ತು ಮಾಡಿಕೊಳ್ಳುವವರೆಲ್ಲ ಅದರಲ್ಲೇ ಮಾಡಿಕೊಳ್ಳಬೇಕು. ಬೆಳಿಗ್ಗೆ ಅದನ್ನು ಹೊಸ ಸರ್ವರಿಗೆ ಸಾಗಿಸಿದ್ದರು. ಇಂಥ ಸೈಟನ್ನು ಯಾರೂ ಪೂರ್ತಿ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಪ್ಯಾಕೇಜುಗಳನ್ನು ಪ್ಯಾಕೇಜ್ ಮ್ಯಾನೇಜರ್ ತಂದು ಜೋಡಿಸುತ್ತದೆ. ಇವತ್ತು ಅದು ಒಂದು ಪ್ಯಾಕೇಜನ್ನು ಹುಡುಕಿ, ಸಿಗದೆ, ಕೆಂಪಕ್ಷರದಲ್ಲಿ ಕೈಚೆಲ್ಲಿ ಕೂತಿತ್ತು.

ಸಿಗದ ಆ ಪ್ಯಾಕೇಜಿನ ಹೆಸರು ‘ತಾರೀಕು’.

ಅವನು ಆ ಸಾಲು ಓದಿದ. ಅವಳು ಅವನು ಓದುವುದನ್ನು ನೋಡಿದಳು.

"ಗುರುತು ಸಿಕ್ತಾ?" ಎಂದಳು ಮೆಲ್ಲಗೆ. "ನೀವೇ ಕೊಂದಿದ್ದು."

*

ತಾರೀಕು ಅವರಿಬ್ಬರ ಕೂಸು. ಹಳೆಯ ಕಂಪನಿಯಲ್ಲಿ ಅಕ್ಕಪಕ್ಕ ಕೂತಿದ್ದಾಗ, ಊಟದ ಬಿಡುವಿನಲ್ಲಿ ಇಬ್ಬರೂ ಸೇರಿ ಬರೆದ ಪುಟ್ಟ ಕ್ಯಾಲೆಂಡರು. ದಿನ ಆರಿಸಿಕೊಳ್ಳುವ ಆ ಚೌಕಗಳನ್ನು ಅವಳು ಬರೆದಿದ್ದಳು. ಒಳಗಿನ ಲೆಕ್ಕ ಅವನದು. ಪ್ಯಾಕೇಜಿನ ಒಡೆಯರು ಎನ್ನುವ ಜಾಗದಲ್ಲಿ ಎರಡು ಹೆಸರು. ಮೊದಲ ಸಲ ಆ ಎರಡು ಹೆಸರು ಜೊತೆಗೆ ಕಂಡ ದಿನ ಅವಳು ಅದನ್ನು ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದಳು. "ಇದೇ ಲಗ್ನಪತ್ರಿಕೆನಾ?" ಎಂದು ಅಕ್ಕ ನಕ್ಕಿದ್ದಳು.

ಆಮೇಲೆ ಎರಡೂ ಮನೆಯವರು ಮಾತಾಡಿಕೊಂಡರು. ಒಂದು ಭಾನುವಾರ ಉಂಗುರದ ಅಳತೆಯೂ ಆಯಿತು.

ಅದಾದ ಎರಡೇ ದಿನಕ್ಕೆ, ಮಂಗಳವಾರ ಬೆಳಿಗ್ಗೆ, ತಾರೀಕು ಮಾಯ! ಮೊದಲು ಒಡೆಯರ ಪಟ್ಟಿಯಿಂದ ಅವಳ ಹೆಸರು ಹೋಗಿತ್ತು. ಆಮೇಲೆ ಪ್ಯಾಕೇಜೇ ಹೋಗಿತ್ತು. ಎರಡನ್ನೂ ಮಾಡಿದ್ದು ಅವನು.

"ಯಾಕೆ ತೆಗೆದೆ?" ಎಂದು ಫೋನಿನಲ್ಲಿ ಕಿರುಚಿದ್ದಳು.

"ತೆಗೀಬೇಕಿತ್ತು. ಸ್ವಲ್ಪ ದಿನ ಏನೂ ಕೇಳಬೇಡ, ಪ್ಲೀಸ್."

"ಯಾರಿಗಾದ್ರೂ ಮಾರಿದ್ಯಾ?"

ಅದಕ್ಕೂ ಮೌನ!

ನೀವೇ ಹೇಳಿ, ಯಾವ ಹೆಣ್ಣು ಸುಮ್ಮನಿರುತ್ತಾಳೆ? ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು. ಮೇಲ್, ಫೋಟೋ, ಚಾಟ್, ಎಲ್ಲವನ್ನೂ ಗುಡಿಸಿ ಹಾಕಿದಳು. ಕೆಲಸದಲ್ಲೂ ಅವಳ ಪದ್ಧತಿ ಇದೇ. ಏನಾದರೂ ಕೆಟ್ಟರೆ ಪ್ಯಾಕೇಜುಗಳ ಫೋಲ್ಡರನ್ನೇ ಪೂರ್ತಿ ಅಳಿಸಿ ಮೊದಲಿಂದ ಇನ್‌ಸ್ಟಾಲ್ ಮಾಡುವುದು. "ಅಳಿಸೋದಕ್ಕೆ ಮುಂಚೆ ಒಂದ್ಸಲ ಓದು ಮಾರಾಯ್ತಿ," ಎಂದು ಅವನು ನೂರು ಸಲ ಬೇಡಿಕೊಂಡಿದ್ದ.

ಒಂದು ದಿನ ಅವನು ಮನೆಯ ಗೇಟಿನ ಹತ್ತಿರ ಬಂದು ನಿಂತ. ಹನ್ನೊಂದು ನಿಮಿಷ ನಿಂತಿದ್ದ. ಕಿಟಕಿಯ ಹಿಂದೆ ನಿಂತು ಎಣಿಸಿದವಳು ಅವಳೇ. ಬಾಗಿಲು ಮಾತ್ರ ತೆರೆಯಲಿಲ್ಲ.

*

"ಲಾಕ್ ಫೈಲ್ ತೋರಿಸಿ," ಎಂದ ಅವನು.

ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕು ಎಂದು ಗಂಟು ಹಾಕಿಟ್ಟ ಕಡತ ಅದು. ಅವಳು ತೆರೆದಳು. ಅಲ್ಲಿತ್ತು: ತಾರೀಕು, 2.3.1. ಪಕ್ಕದಲ್ಲೇ ಉದ್ದನೆಯ ಒಂದು ಗುರುತಿನ ಸಾಲು. ತಂದ ಕೋಡಿನಲ್ಲಿ ಒಂದಕ್ಷರ ಆಚೀಚೆಯಾದರೂ ಆ ಗುರುತು ಹೊಂದುವುದಿಲ್ಲ.

"ಇದೇ ಆವೃತ್ತಿ ಎಲ್ಲಾದರೂ ಸಿಕ್ಕರೆ, ಅದನ್ನೇ ತಗೋ ಅಂತ ಕಾನ್ಫಿಗ್‌ನಲ್ಲಿ ಬರೆದರೆ ಸಾಕು. ಅರ್ಧ ಗಂಟೆ ಕೆಲಸ."

"ನಿಮ್ಮ ಹತ್ರ ಇರಬೇಕಲ್ಲ?"

"ಇಲ್ಲ. ಆ ಲ್ಯಾಪ್‌ಟಾಪ್ ಕೊಟ್ಟುಬಿಟ್ಟೆ."

ಕೊಟ್ಟುಬಿಟ್ಟನಂತೆ! ಅವಳ ಮೈಯೆಲ್ಲ ಉರಿಯಿತು. ‘ಮಾರಿದೆ ಅನ್ನೋಕೆ ಎಷ್ಟು ನಾಜೂಕಿನ ಮಾತು!’

ಇಲ್ಲೊಂದು ಗುಟ್ಟು ಹೇಳಬೇಕು. ಎಲ್ಲವನ್ನೂ ಅಳಿಸಿದ ಆ ಸಿಡುಕಿ ಒಂದನ್ನು ಮಾತ್ರ ಅಳಿಸಿರಲಿಲ್ಲ. ತಾರೀಕಿನ ಒಂದು ಪ್ರತಿ ಅವಳ ಪರ್ಸಿನ ಒಳಜೇಬಿನಲ್ಲಿ, ಬೆರಳುದ್ದದ ಪೆನ್ ಡ್ರೈವಿನಲ್ಲಿ, ಬೆಚ್ಚಗೆ ಕೂತಿತ್ತು. ಆದರೆ ಅದನ್ನು ಇವನ ಕಣ್ಣೆದುರು ಹೊರತೆಗೆಯುವುದೇ? ಪ್ರಾಣ ಹೋದರೂ ಇಲ್ಲ! ‘ಮೂರು ಗಂಟೆಯವರೆಗೂ ನೋಡೋಣ. ಬೇರೆ ದಾರಿ ಇಲ್ಲ ಅಂದ್ರೆ ಆಗ...’

ಆಫೀಸಿನ ಒಂದೊಂದೇ ಕಂಪ್ಯೂಟರ್ ಹುಡುಕುತ್ತಾ ಹೋದರು. ಮಧ್ಯಾಹ್ನ ಎರಡರ ಹೊತ್ತಿಗೆ, ಜೆರಾಕ್ಸ್ ಯಂತ್ರದ ಹಿಂದೆ ಧೂಳು ಹಿಡಿದು ಕೂತಿದ್ದ ಟೆಸ್ಟ್ ಮಷೀನಿನಲ್ಲಿ ಅವಳಿಗೆ ಅದು ಸಿಕ್ಕಿತು.

"ಇಲ್ಲಿದೆ! ತಾರೀಕು ಇಲ್ಲಿದೆ!"

ಅವನು ಬಂದು ಬಗ್ಗಿ ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಅದು ಬೇಡ," ಎಂದ. "ಅಳಿಸಿಬಿಡು."

"ಏನಂದ್ರಿ?"

"ಅಳಿಸಿಬಿಡು. ಫೋಲ್ಡರ್ ಪೂರ್ತಿ. ನಾನೇ ಅಳಿಸ್ತೀನಿ, ಸರಿ ಸ್ವಲ್ಪ."

ಅವಳು ಸರಿಯಲಿಲ್ಲ. ಮೂರು ವರ್ಷ ‘ಓದು, ಅಳಿಸಬೇಡ’ ಎಂದು ಪಾಠ ಹೇಳಿದ ಬಾಯಿಂದ ಇವತ್ತು ಈ ಮಾತೇ? ಏನೋ ಇದೆ. ಏನನ್ನೋ ಮುಚ್ಚಿಡುತ್ತಿದ್ದಾನೆ. ಇಷ್ಟು ದಿನ ಮಾಡಿದ ಮೋಸದ ಗುರುತು ಇಲ್ಲೇ ಇದೆ!

"ನೀವು ಹೋಗಿ ಊಟ ಮಾಡಿ," ಎಂದಳು ಹಲ್ಲು ಕಚ್ಚಿ. "ನಾನು ಓದ್ತೀನಿ."

*

ಓದಿದಳು. ಜೀವಮಾನದಲ್ಲಿ ಮೊದಲ ಸಲ, ಮೇಲಿಂದ ಕೆಳಗೆ, ಒಂದು ಸಾಲೂ ಬಿಡದೆ.

ಆವೃತ್ತಿ 2.3.2.

ಅವಳು ಹುಬ್ಬು ಗಂಟಿಕ್ಕಿದಳು. ಅಂಥದ್ದೊಂದನ್ನು ಅವರಿಬ್ಬರೂ ಹೊರತಂದೇ ಇರಲಿಲ್ಲ! ಆ ಮಷೀನಿನಲ್ಲಿ ಲಾಕ್ ಫೈಲ್ ಇರಲಿಲ್ಲ; ಹೊಸದಿದ್ದರೆ ಹೊಸದನ್ನೇ ತಾ ಎಂದು ಅದರ ಸೂಚನೆಗಳ ಕಡತ, ಅಂದರೆ ಕಾನ್ಫಿಗ್, ಹೇಳಿತ್ತು. ಹಾಗಾಗಿ ಇದು ಬಂದು ಕೂತಿತ್ತು. ಕೋಡಿನ ಕೊನೆಯಲ್ಲಿ ಅವಳೂ ಬರೆಯದ, ಅವನೂ ಬರೆಯುವಂಥದ್ದಲ್ಲದ ಹನ್ನೊಂದು ಸಾಲು. ಫಾರ್ಮಿನಲ್ಲಿ ಜನ ಏನು ತುಂಬಿದರೂ ಅದರ ಒಂದು ನಕಲನ್ನು ಗೊತ್ತಿಲ್ಲದ ಯಾವುದೋ ವಿಳಾಸಕ್ಕೆ ಕಳಿಸುವ ಸಾಲುಗಳು.

ಕಳ್ಳ ಕೋಡು!

ಪ್ಯಾಕೇಜ್ ಮ್ಯಾನೇಜರ್ ತನ್ನ ಉಗ್ರಾಣದಲ್ಲಿ ಉಳಿಸಿಕೊಂಡಿದ್ದ ಹಳೆಯ ವಿವರ ತೆರೆದಳು. ಪ್ರಕಟವಾದದ್ದು: ಅದೇ ಭಾನುವಾರ, ಬೆಳಿಗ್ಗೆ ಹನ್ನೊಂದು ನಲವತ್ತು.

ಫೋನೆತ್ತಿ ಅಕ್ಕನಿಗೆ ಮಾಡಿದಳು.

"ಅಕ್ಕಾ, ಆ ಭಾನುವಾರ ಹನ್ನೊಂದು ಮುಕ್ಕಾಲಿಗೆ ನಾವೆಲ್ಲಿದ್ವಿ?"

"ಯಾವ ಭಾನುವಾರನೇ? ಓ... ಅದಾ? ಉಂಗುರದಂಗಡಿಲಿ. ನಿನ್ನ ಬೆರಳು ದಪ್ಪ ಅಂತ ಅವನು ನಕ್ಕ, ನೀನು ಅವನ ಕಾಲು ತುಳಿದೆ. ನಾಚಿಕೆಗೇಡು!"

"ಅವನು ಆಗ ಫೋನೋ ಲ್ಯಾಪ್‌ಟಾಪೋ..."

"ಎಲ್ಲಿಂದ ಬಂತು? ಇಬ್ಬರ ಫೋನೂ ನನ್ನ ಬ್ಯಾಗಲ್ಲಿತ್ತಲ್ಲೇ. ಯಾಕೆ, ಏನಾಯ್ತು? ಅಳ್ತಿದೀಯಾ?"

ಅವಳು ಫೋನ್ ಇಟ್ಟಳು. ಅವನು ಅಲ್ಲ. ಹಾಗಾದರೆ ಯಾರು?

ಕೆಳಗಿನ ಸಾಲಿನಲ್ಲೇ ಬರೆದಿತ್ತು. ಪ್ರಕಟಿಸಿದ ಖಾತೆ... ಅವಳದು.

ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಖಾತೆಯ ಜೊತೆ ಇದ್ದ ಮೇಲ್ ವಿಳಾಸ ಹಳೆಯ ಕಂಪನಿಯದು. ಆ ಕಂಪನಿ ಬಾಗಿಲು ಹಾಕಿ ವರ್ಷವಾಗಿತ್ತು. ಅದರ ವೆಬ್ ಹೆಸರನ್ನು ಯಾರೋ ಕೊಂಡುಕೊಂಡು, ಅವಳ ಮೇಲ್ ಪಡೆದು, ಪಾಸ್‌ವರ್ಡ್ ಬದಲಾಯಿಸಿ ಒಳನುಗ್ಗಿದ್ದರು. ಆ ವಿಳಾಸ ತೆಗೆದುಹಾಕು ಎಂದು ಅವನು ಎಷ್ಟು ಸಲ ಹೇಳಿದ್ದ! ‘ನಾಳೆ ಮಾಡ್ತೀನಿ’ ಎಂದು ಅವಳು ಅಷ್ಟೇ ಸಲ ಹೇಳಿದ್ದಳು.

ಬಾಗಿಲು ತೆರೆದಿಟ್ಟವಳು ಅವಳೇ.

*

ಅವನು ಮೆಟ್ಟಿಲ ಮೇಲೆ ಕೂತಿದ್ದ. ಡಬ್ಬಿ ಬಿಚ್ಚಿಯೂ ಇರಲಿಲ್ಲ.

"ನೀನು ನಂಗೆ ಯಾಕೆ ಹೇಳಲಿಲ್ಲ?" ಎಂದಳು ಅವಳು, ಎದುರು ಬಂದು ನಿಂತು. ‘ನೀವು’ ಎನ್ನುವುದು ಎಲ್ಲೋ ಬಿದ್ದುಹೋಗಿತ್ತು.

ಅವನು ತಲೆ ತಗ್ಗಿಸಿದ. "ಆ ವಾರವೇ ಈ ಕಂಪನಿಯವರು ನಿನ್ನನ್ನ ಕರೆದಿದ್ರು. ಆಸ್ಪತ್ರೆ ಕೆಲಸ. ಖಾತೆ ಕಳ್ಳರ ಕೈಗೆ ಕೊಟ್ಟವಳು ಅಂತ ಗೊತ್ತಾದ್ರೆ ತಗೊಳ್ತಿದ್ರಾ? ಅದಕ್ಕೇ ನಿನ್ನ ಹೆಸರು ತೆಗೆದು, ತಪ್ಪು ನಂದೇ ಅಂತ ಆಗ ನಾನಿದ್ದ ಆಫೀಸಿಗೆ ಬರೆದುಕೊಟ್ಟೆ. ಪ್ಯಾಕೇಜ್ ತೆಗೆಸಿದೆ. ಲ್ಯಾಪ್‌ಟಾಪನ್ನ ತನಿಖೆಗೆ ಕೊಟ್ಟೆ."

"ನಿನ್ನ ಕೆಲಸ?"

"ಹೋಯ್ತು. ಅದಕ್ಕೇ ಹೀಗೆ ದಿನಕ್ಕೊಂದು ಆಫೀಸು." ಸಣ್ಣಗೆ ನಗಲು ನೋಡಿದ. "ನಿನ್ನ ಕೆಲಸ ಗಟ್ಟಿಯಾದ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು..."

"ಅಷ್ಟರಲ್ಲಿ ನಾನು ಎಲ್ಲಾ ಅಳಿಸಿದೆ. ಗೊತ್ತು!" ಅವಳ ಕಣ್ಣಿಂದ ನೀರು ದಳದಳನೆ ಇಳಿಯಿತು. ಆದರೆ ಕೃತಜ್ಞತೆಯ ನೀರು ಎಂದುಕೊಂಡರೆ ತಪ್ಪಾಗುತ್ತದೆ. ಅವಳು ಕೆಂಡವಾಗಿದ್ದಳು. "ನನ್ನನ್ನ ಕಾಪಾಡಿದೆ ಅಂದ್ಕೊಂಡಿದೀಯಾ? ಮೋಸ ಮಾಡಿದೀಯ! ಎಂಟು ತಿಂಗಳು... ನಾನು ಪ್ರೀತಿಸಿದ್ದು ಒಬ್ಬ ಕಳ್ಳನನ್ನ ಅಂತ ನಂಬಿಕೊಂಡು ಬದುಕಿದೆ. ತಪ್ಪು ನಂದು, ಅದನ್ನ ತಿಳ್ಕೊಳ್ಳೋ ಹಕ್ಕು ನಂಗಿರಲಿಲ್ವಾ? ನಂಗೆ ಗೊತ್ತಿಲ್ಲದೆ ನನ್ನ ಹೆಸರು ತೆಗೆಯೋಕೆ ನೀನ್ಯಾರು?"

ಮೊದಲ ಸಲ ಅವನಿಗೆ ತನ್ನ ಮೌನ ಒಳ್ಳೆಯತನವಾಗಿ ಕಾಣಲಿಲ್ಲ.

"ತಪ್ಪಾಯ್ತು," ಎಂದ. "ಹೇಳಬೇಕಿತ್ತು. ಬ್ಲಾಕ್ ಆಗೋ ಮುಂಚೆ, ಆ ಫೋನಲ್ಲೇ ಹೇಳಬೇಕಿತ್ತು. ನೀನು ಅಳ್ತೀಯ ಅಂತ ಹೆದರಿದೆ ಸಿಡುಕಿ."

ಎಂಟು ತಿಂಗಳ ಮೇಲೆ ಆ ಹೆಸರು!

ಅವಳು ಮುಖ ಒರೆಸಿಕೊಂಡು ಪರ್ಸಿಗೆ ಕೈ ಹಾಕಿದಳು. ಪೆನ್ ಡ್ರೈವನ್ನು ಅವನ ಅಂಗೈಗೆ ಕುಕ್ಕಿದಳು.

"2.3.1. ಹೋಗು, ಹಾಕು."

ಅವನು ಅದನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. "ಇದನ್ನ... ಅಳಿಸಿಲ್ವಾ?"

"ಕೆಲಸ ನೋಡು. ಮೂರು ಗಂಟೆಯಾಯ್ತು."

*

ಹಳೆಯ ಪ್ರತಿಯನ್ನು ಪ್ರಾಜೆಕ್ಟಿನ ಒಳಗೇ ಇಟ್ಟು, ಹೊರಗೆ ಹುಡುಕಬೇಡ, ಇದನ್ನೇ ತಗೋ ಎಂದು ಕಾನ್ಫಿಗ್‌ನಲ್ಲಿ ಬರೆದರು. ಪ್ಯಾಕೇಜ್ ಮ್ಯಾನೇಜರ್ ಅದರ ಗುರುತನ್ನು ಲಾಕ್ ಫೈಲಿನ ಸಾಲಿನ ಜೊತೆ ಹೋಲಿಸಿತು. ಇಬ್ಬರೂ ಉಸಿರು ಬಿಗಿ ಹಿಡಿದು ಕೂತರು.

ಹೊಂದಿತು! ಒಂದಕ್ಷರವೂ ಆಚೀಚೆ ಇಲ್ಲ. ಅವರು ಬರೆದದ್ದು ಬರೆದ ಹಾಗೇ ಉಳಿದಿತ್ತು.

ಮೂರು ಮುಕ್ಕಾಲಿಗೆ ಆಸ್ಪತ್ರೆಯ ಸೈಟಿನಲ್ಲಿ ಚೌಕ ಚೌಕದ ಕ್ಯಾಲೆಂಡರ್ ಅರಳಿತು. ಲೀಡ್ ಮೇಡಂ ಚಪ್ಪಾಳೆ ತಟ್ಟಿದರು. ಅವಳು ಸೀದಾ ಅವರ ಮೇಜಿನ ಮುಂದೆ ಹೋಗಿ ನಿಂತಳು.

"ಮೇಡಂ, ಈ ಪ್ಯಾಕೇಜ್ ಮಾಯವಾಗೋಕೆ ಕಾರಣ ಇವರಲ್ಲ. ಕಳ್ಳರು ನುಗ್ಗಿದ್ದು ನನ್ನ ಖಾತೆಯಿಂದ. ಇವತ್ತೇ ನನ್ನ ಹೆಸರು ಹಾಕಿ ಎಲ್ಲರಿಗೂ ಕಾಣೋ ಹಾಗೆ ಬರೀತೀನಿ. ನೀವು ನನ್ನನ್ನ ಕೆಲಸದಿಂದ ತೆಗೆದ್ರೂ ಸರಿ."

ಅವನು ಹಿಂದಿನಿಂದ "ಬೇಡ..." ಎಂದ. ಅವಳು ತಿರುಗಿ ಒಂದೇ ಒಂದು ನೋಟ ನೋಡಿದಳು. ಅವನು ನಾಲಿಗೆ ಕಚ್ಚಿಕೊಂಡ.

ಲೀಡ್ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮೊದಲು ಪಾಸ್‌ವರ್ಡ್‌ಗಳನ್ನ ಬದಲಾಯಿಸು. ಆಮೇಲೆ ನಮ್ಮ ಟೀಮಲ್ಲಿ ಇನ್ನೂ ಯಾರ್ಯಾರು ಹಳೇ ಮೇಲ್ ಇಟ್ಕೊಂಡು ಕೂತಿದಾರೆ, ಹುಡುಕಿ ಪಟ್ಟಿ ಮಾಡು. ಮೇಲಿನವರಿಗೆ ನಾನು ಹೇಳ್ತೀನಿ. ಬೈಸಿಕೊಳ್ಳೋಕೆ ತಯಾರಾಗಿರು. ತಪ್ಪು ಒಪ್ಪಿಕೊಂಡವಳನ್ನ ತೆಗೆದು, ಮುಚ್ಚಿಡೋರನ್ನ ಇಟ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಆ ಕೊನೆಯ ಮಾತಿಗೆ ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ಅವನು ಬ್ಯಾಗ್ ಹೆಗಲಿಗೇರಿಸಿ ಕೆಳಗಿಳಿದಾಗ ಬೀದಿಯಲ್ಲಿ ಸಂಜೆ ಬಿಸಿಲು ಇನ್ನೂ ಇತ್ತು. ಅವಳು ಹಿಂದೆಯೇ ಬಂದು, ಎರಡು ಹೆಜ್ಜೆ ದೂರದಲ್ಲಿ ನಿಂತು, ಫೋನ್ ಹೊರತೆಗೆದಳು. ಏನೋ ಒತ್ತಿದಳು. ಕಿವಿಗಿಟ್ಟುಕೊಂಡಳು.

ಅವನ ಜೇಬಿನಲ್ಲಿ ಫೋನ್ ರಿಂಗಾಯಿತು. ಪರದೆಯ ಮೇಲೆ ಎಂಟು ತಿಂಗಳಿಂದ ಕಾಣದ ಹೆಸರು. ಅವನ ಕಣ್ಣು ತುಂಬಿಬಂತು.

"ಹಲೋ..." ಎಂದ, ಅವಳನ್ನೇ ನೋಡುತ್ತಾ.

"ಕೋಪ ಇನ್ನೂ ಹೋಗಿಲ್ಲ," ಎಂದಳು ಅವಳು ಫೋನಿನಲ್ಲೇ. "ಸುಮಾರು ದಿನ ಹೋಗಲ್ಲ."

"ಗೊತ್ತು."

"ನಾನು ಓದದೆ ಅಳಿಸಲ್ಲ. ನೀನು ಹೇಳದೆ ಮುಚ್ಚಿಡಬಾರದು. ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ಆ ಮಂಗಳವಾರ ಬೆಳಿಗ್ಗೆಯಿಂದ ಶುರು ಮಾಡು. ಒಂದೂ ಬಿಡಬೇಡ, ಮೌನಿ. ಕೇಳಿಸ್ಕೊಳ್ತೀನಿ."

ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ, ಬಾಯಿಬಿಟ್ಟು ಮಾತಾಡತೊಡಗಿದ. ಮೊದಲ ತಿರುವು ಬರುವ ಹೊತ್ತಿಗೆ ಇಬ್ಬರೂ ಜೊತೆಗೆ ನಡೆಯುತ್ತಿದ್ದರು. ಫೋನುಗಳು ಮಾತ್ರ ಇನ್ನೂ ಕಿವಿಯಲ್ಲೇ ಇದ್ದವು.