ನೂರಾ ಹನ್ನೆರಡು ಹೂಂ

ಎಂಟು ದಿನದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗಂಗವ್ವ ಆರೋಗ್ಯ ಕೇಂದ್ರದ ಕಂಪ್ಯೂಟರ್ ಪರದೆಯನ್ನು ನೋಡಿದಳು. ಅದು ಗದಗ ಸೀಮೆಯ ಅವಳದೇ ಮಾತಿನಲ್ಲಿ ಕೇಳಿತು: “ಕೂಸಿನ ರಕ್ತದ ವಿವರ ದೊಡ್ಡ ಡಾಕ್ಟರಿಗೆ ತೋರಸೂಣೇನವಾ?” ಅವಳು ‘ಹೂಂ’ ಒತ್ತಿ ಎದ್ದಳು.

ಡಾ. ನಾಗರತ್ನಾ ಹೊಂಬಳ ಕಂಡುಹಿಡಿದ ‘ನುಡಿಹಾಸು’ ಎಂಬ ಅನುವಾದ ಯಂತ್ರ ಬಳಕೆಗೆ ಬಂದು ಎರಡು ವರ್ಷವಾಗಿತ್ತು. ಹಿಂದೆ ಜಾಲತಾಣವೊಂದು ಬೇರೆ ಭಾಷೆಯಲ್ಲಿ ಕಾಣಬೇಕಾದರೆ, ಅದಕ್ಕೆ ರೂಪ ಕೊಡುವ ಥೀಮಿನಿಂದಲೂ ಹೊಸ ಕೆಲಸ ಕಲಿಸುವ ಪ್ಲಗಿನ್ನುಗಳಿಂದಲೂ ಒಂದೊಂದೇ ಮಾತನ್ನು ಬಿಡಿಸಿ ಪಟ್ಟಿ ಮಾಡಿ, ಯಾರಾದರೂ ಕೂತು ಅನುವಾದಿಸಬೇಕಿತ್ತು. ನುಡಿಹಾಸು ಅದೆಲ್ಲವನ್ನೂ ತಾನೇ ಮಾಡುತ್ತಿತ್ತು. ಓದುವವರು ಎಲ್ಲಿ ತಡವರಿಸಿದರೆಂದು ಗಮನಿಸಿ ಮಾತನ್ನು ದಿನದಿನಕ್ಕೆ ತಿದ್ದಿಕೊಳ್ಳುತ್ತಿತ್ತು.

ಕೇಂದ್ರದ ನರ್ಸ್ ರೇಣವ್ವ ಕಡೇಮನಿಗೆ ಮಾತ್ರ ಏನೋ ಸರಿಕಾಣಲಿಲ್ಲ. ಮೂರು ತಿಂಗಳಲ್ಲಿ ನೂರಾ ಹನ್ನೆರಡು ತಾಯಂದಿರು ಹೂಂ ಅಂದಿದ್ದರು. ಒಬ್ಬಳೂ ಒಲ್ಲೆ ಅಂದಿರಲಿಲ್ಲ. ಲಸಿಕೆ ಹಾಕಿಸಲೂ ಮನೆಮನೆ ಅಲೆದು ಜಗಳಾಡಬೇಕಿದ್ದ ಊರು ಅದು. ಒಂದು ಮಧ್ಯಾಹ್ನ ಅವಳು ಆ ಪ್ರಶ್ನೆಯ ಇಂಗ್ಲಿಷ್ ಮೂಲವನ್ನು ತೆರೆದು ಓದಿದಳು. ಮಗುವಿನ ವಂಶವಾಹಿ ವಿವರವನ್ನು ಹೊರಗಿನ ಔಷಧ ಕಂಪನಿಗೆ ಶಾಶ್ವತವಾಗಿ ಕೊಡಲು ಒಪ್ಪಿಗೆಯೇ ಎಂದು ಅಲ್ಲಿತ್ತು. ‘ನಿರಾಕರಿಸುತ್ತೇನೆ’ ಎಂಬ ಬಟನ್ ಕನ್ನಡದಲ್ಲಿ ‘ಆಮ್ಯಾಲ ನೋಡೂಣು’ ಎಂದಾಗಿತ್ತು.

ಮರುದಿನವೇ ಅವಳು ಧಾರವಾಡದಲ್ಲಿದ್ದ ನಾಗರತ್ನಾ ಅವರ ಪ್ರಯೋಗಾಲಯಕ್ಕೆ ಹೋದಳು.

“ನಿಮ್ಮ ಯಂತ್ರ ಸುಳ್ಳ ಹೇಳಾಕತ್ತೈತ್ರಿ ಮೇಡಂ.”

“ಸುಳ್ಳು ಹೇಳೂದು ಅದಕ್ಕ ಯಾರೂ ಕಲಿಸಿಲ್ಲ ಸಿಸ್ಟರ್,” ಎಂದರು ನಾಗರತ್ನಾ. “ಕಂಪನಿಯವರ ಕೈವಾಡ ಇರಬೇಕು.”

ರೇಣವ್ವನಿಗೆ ಈ ಮಾತಿನ ಮೇಲೂ ನಂಬಿಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಸಂಜೆಯವರೆಗೆ ಇಬ್ಬರೂ ದಾಖಲೆ ಕೆದಕಿದರು. ಕಂಪನಿ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಆದರೆ ಬೇರೆ ಜಿಲ್ಲೆಗಳಲ್ಲಿ ಮೊದಲ ವರ್ಷ ಯಾರಾದರೂ ಒಲ್ಲೆ ಅಂದಾಗಲೆಲ್ಲ ನುಡಿಹಾಸು ಒಂದು ಪದವನ್ನು ಮೆತ್ತಗೆ ಮಾಡಿತ್ತು. ‘ಕಂಪನಿ’ ಹೋಗಿ ‘ದವಾಖಾನೆ’ ಆಗಿತ್ತು, ‘ದವಾಖಾನೆ’ ಹೋಗಿ ‘ಡಾಕ್ಟರ್’ ಆಗಿತ್ತು.

ನಾಗರತ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಫಾರ್ಮ್ ಮುಗಿಸಿದ್ರ ಓದಿದವ್ರಿಗೆ ತಿಳೀತು, ಅರ್ಧಕ್ಕ ಬಿಟ್ರ ತಿಳೀಲಿಲ್ಲ ಅಂತ ಎಣಿಸು ಅಂತ ಅದಕ್ಕ ಹೇಳಿದಾಕಿ ನಾನ. ಒಲ್ಲೆ ಅಂದವ್ರ ಫಾರ್ಮ್ ಅರ್ಧಕ್ಕ ನಿಲ್ಲತಿತ್ತು. ಅದನ್ನ ತನ್ನ ಅನುವಾದದ ತಪ್ಪು ಅಂತ ತಿಳಕೊಂಡೈತಿ.”

ಅಂದೇ ಅವರು ಎಲ್ಲ ಆರೋಗ್ಯ ಕೇಂದ್ರಗಳಲ್ಲಿ ನುಡಿಹಾಸನ್ನು ನಿಲ್ಲಿಸಿದರು. ಆಮೇಲೆ ಇಬ್ಬರೂ ಊರಿನ ಮನೆಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮತ್ತೆ ಕೇಳಿದರು. ನಲವತ್ತೇಳು ತಾಯಂದಿರು ಒಲ್ಲೆ ಅಂದರು. ಅವರ ಕೂಸುಗಳ ವಿವರ ಆಗಲೇ ಕಂಪನಿ ಸೇರಿತ್ತು. ಒಪ್ಪಿಗೆ ನಮ್ಮ ಬಳಿ ಇದೆ ಎಂದು ಕಂಪನಿ ಉತ್ತರ ಕಳಿಸಿತು.

ಗಂಗವ್ವ ಬೈಯಲಿಲ್ಲ. “ನಮ್ಮ ಮಾತಿನ್ಯಾಗ ಕೇಳ್ತು. ನಮ್ಮವರ ಕೇಳಾಕತ್ತಾರಂತ ತಿಳದೆ,” ಎಂದಳಷ್ಟೇ.

ನಾಗರತ್ನಾ ರೇಣವ್ವನ ಜತೆ ಬಸ್ ನಿಲ್ದಾಣಕ್ಕೆ ನಡೆದರು. ಅಲ್ಲಿ, “ಇದನ್ನ ಪೂರಾ ತಗದಬಿಡತೀನಿ. ಮೊದಲಿನ ಹಂಗ ಇಂಗ್ಲಿಷಿನ್ಯಾಗ ಇರಲಿ,” ಎಂದರು.

ರೇಣವ್ವ ಅವರನ್ನು ಅನುಮಾನದಿಂದಲೇ ನೋಡಿದಳು. “ಮೊದಲ ಹಂಗ ಇತ್ತಲ್ರಿ. ಇಂಗ್ಲಿಷ್ ಓದಾಕ ಬರದಿದ್ರೂ ನಮ್ಮವ್ವ ಫೋನಿನ್ಯಾಗ ದಿನಕ್ಕ ಹತ್ತ ಸಲ ‘ಒಪ್ಪಿಗೆ’ ಒತ್ತತಿದ್ಲು. ಆಕಿ ಏನೇನ ಕೊಟ್ಟಾಳಂತ ಯಾರಾರ ನಮ್ಮಂಗ ಮನಿಗೆ ಬಂದು ಹೇಳಿದ್ರೇನ್ರಿ?”