ಭರಣಿಯ ಹಳದಿ ದೀಪ

ನಿರುಪಮಾ ಚುಕ್ಕಾಣಿಯ ಸೆನ್ಸರಿನ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಳು. ದೋಣಿ ದಾರಿ ತಪ್ಪಿ ಎಡಕ್ಕೆ ಎಳೆಯತೊಡಗಿತು. ಮಲ್ಪೆಯ ದಡ ಕಣ್ಣಿಗೆ ಕಾಣದಷ್ಟು ಹಿಂದೆ ಉಳಿದಿತ್ತು; ಜೊತೆಗೆ ಬಂದಿದ್ದ ಇನ್ನೊಂದು ದೋಣಿ ಮಾತ್ರ ಪಕ್ಕದಲ್ಲಿ ಕಾಣುತ್ತಿತ್ತು. ಅವಳ ಬೆನ್ನ ಹಿಂದೆ, ಕ್ಯಾಬಿನ್ನಿನ ಗೋಡೆಗೆ ಬಿಗಿದಿದ್ದ ಲೋಹದ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟಿತು. ತಪ್ಪು ಎಲ್ಲಿದೆ ಎಂದು ಅದು ಗುರುತಿಸಿತು. ಸೆನ್ಸರ್ ಇಲ್ಲದೆ, ದಿಕ್ಸೂಚಿಯೊಂದನ್ನೇ ನಂಬಿ ಚುಕ್ಕಾಣಿ ತಿರುಗಿಸುವ ಹೊಸ ಪ್ರೋಗ್ರಾಮನ್ನು ತಾನೇ ಬರೆಯಿತು. ತನ್ನೊಳಗಿದ್ದ ದೋಣಿಯ ಲೆಕ್ಕದ ಪ್ರತಿರೂಪದ ಮೇಲೆ ಅದನ್ನು ಓಡಿಸಿ ನೋಡಿ, ಆಮೇಲೆ ಎಂಜಿನ್ನಿಗೆ ಒಪ್ಪಿಸಿತು. ವಾಮನ ಮೆಂಡನ್ ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ದೋಣಿ ಮತ್ತೆ ನೇರ ಹೋಗುತ್ತಿತ್ತು.

ವಾಮನ ಆ ದೋಣಿಯ ತಾಂಡೇಲ. ದೋಣಿ, ಬಲೆ, ಹೋದವರ ಜೀವ ಎಲ್ಲವೂ ಅವನ ಜವಾಬ್ದಾರಿ.

"ಪಾಸು," ಎಂದು ಅವನು ಲೋಟ ಕೆಳಗಿಟ್ಟ.

ಪೆಟ್ಟಿಗೆಯನ್ನು ಕಟ್ಟಿದ ವಿಜ್ಞಾನಿ ನಿರುಪಮಾಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಉಡುಪಿಯ ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ಪೆಟ್ಟಿಗೆ ಅನ್ನ ಬೇಯುವಷ್ಟು ಹೊತ್ತು ತೆಗೆದುಕೊಂಡಿತ್ತು. ಕಡಲಿಗೆ ಬಂದ ಕೂಡಲೇ ಇಷ್ಟು ಚುರುಕಾಗಲು ಅದೇನು ಹವಾ ಬದಲಾವಣೆಗೆ ಬಂದಿದೆಯೇ? ಅವಳು ಕ್ಯಾಬಿನ್ನಿನ ಒಳಗೂ ಹೊರಗೂ ಸುಮ್ಮನೆ ಓಡಾಡಿದಳು.

ಆ ಕಾಲಕ್ಕೆ ಪ್ರೋಗ್ರಾಮ್ ಬರೆಯುವ ಮನುಷ್ಯರು ಹೆಚ್ಚುಕಡಿಮೆ ಇಲ್ಲವಾಗಿದ್ದರು. ಏನು ಬೇಕೆಂದು ಹೇಳಿದರೆ ಸಾಕು, ದೂರದೇಶದ ಯಂತ್ರಗಳು ಬರೆದು, ಪರೀಕ್ಷಿಸಿ, ಕಳುಹಿಸುತ್ತಿದ್ದವು. ಮಿಕ್ಸಿಯಿಂದ ಮೀನುದೋಣಿಯವರೆಗೆ ಎಲ್ಲವೂ ಹಾಗೆಯೇ ನಡೆಯುತ್ತಿತ್ತು. ಹಿಂದಿನ ವರ್ಷದ ಬಿರುಗಾಳಿಯಲ್ಲಿ ಸಂಪರ್ಕ ಕಡಿದಾಗ ಒಂದು ದೋಣಿ ಆಳಸಮುದ್ರದಲ್ಲಿ ನಿಂತುಬಿಟ್ಟಿತು. ಎಂಜಿನ್ ಕೆಟ್ಟಿರಲಿಲ್ಲ, ಬ್ಯಾಟರಿ ತುಂಬಿತ್ತು. ಅರ್ಧ ಬದಲಾದ ಪ್ರೋಗ್ರಾಮಿನ ಉಳಿದರ್ಧ ಬರಲೆಂದು ಅದು ಕಾಯುತ್ತಿತ್ತು, ಅಷ್ಟೇ. ಅದರಲ್ಲಿದ್ದ ಐದು ಮಂದಿ ವಾಪಸು ಬರಲಿಲ್ಲ. ಅವರಲ್ಲಿ ಒಬ್ಬ ವಾಮನನ ತಮ್ಮ.

ಆಮೇಲೆ ನಿರುಪಮಾ, ಸಂಪರ್ಕವಿಲ್ಲದೆಯೂ ಕೆಲಸ ಮಾಡಲೆಂದು, ಈ ಪೆಟ್ಟಿಗೆಯನ್ನು ಕಟ್ಟಿದಳು. ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಕಲ ಸಾಮಗ್ರಿಯ ಜೊತೆ ಒಂದೇ ಕಂಟೇನರಿನಲ್ಲಿ ತುಂಬಿ ಮುಚ್ಚಿದರೆ ಅದು ಎಲ್ಲಿಟ್ಟರೂ ಒಂದೇ ರೀತಿ ಓಡುತ್ತದೆ ಎಂಬುದು ಹಳೆಯ ಉಪಾಯ. ಅವಳು ಪ್ರೋಗ್ರಾಮ್ ಬರೆಯುವ ಬುದ್ಧಿಯನ್ನೇ ಒಳಗೆ ತುಂಬಿದಳು. ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಅನುವಾದಕವನ್ನೂ, ಮೊದಲೇ ಬರೆದಿಟ್ಟ ಸಾವಿರಾರು ಸಿದ್ಧ ತುಣುಕುಗಳನ್ನೂ ತುಂಬಿದಳು. ಹೊರಗಿನ ಗಾಳಿ ತಾಗದಂತೆ ಬಾಯಿ ಕಟ್ಟಿಡುವ ಉಪ್ಪಿನಕಾಯಿ ಜಾಡಿಯ ನೆನಪಿನಲ್ಲಿ ಅದಕ್ಕೆ ಭರಣಿ ಎಂದು ಹೆಸರಿಟ್ಟಳು. ಈ ಪರೀಕ್ಷೆಯ ಮರುದಿನ ಮಳೆಗಾಲದ ಎರಡು ತಿಂಗಳ ಮೀನುಗಾರಿಕೆಯ ನಿಷೇಧ ಮುಗಿಯುತ್ತಿತ್ತು. ಇನ್ನೂರು ದೋಣಿಗಳಲ್ಲಿ ಭರಣಿ ಕೂತಿತ್ತು. ಅವಳು ಹೂಂ ಅಂದರೆ ಎಲ್ಲವೂ ಕಡಲಿಗೆ ಇಳಿಯುತ್ತವೆ.

"ವಾಮನಣ್ಣ, ನಾನು ತಂತಿ ಕಿತ್ತಾಗ ಪೆಟ್ಟಿಗೆಯ ದೀಪ ಯಾವ ಬಣ್ಣ ಇತ್ತು, ನೋಡಿದ್ರಾ?"

"ಮೊದ್ಲು ಹಸಿರು. ಮತ್ತೆ ಸ್ವಲ್ಪ ಹೊತ್ತು ಹಳದಿ ಆಯ್ತು."

ನಿರುಪಮಾ ಪೆಟ್ಟಿಗೆಯತ್ತ ತಿರುಗಿದಳು. ಹಳದಿ ಎಂದರೆ ಪೆಟ್ಟಿಗೆ ಹೊರಗಿನಿಂದ ಏನನ್ನೋ ಕೇಳುತ್ತಿದೆ ಎಂದರ್ಥ. ಕಟ್ಟುವಾಗ ಅನುಕೂಲಕ್ಕೆಂದು ನೆಟ್ಟಿನ ಕಡೆಗೆ ಒಂದು ಸಣ್ಣ ಬಾಗಿಲನ್ನು ಅವಳೇ ತೆರೆದಿಟ್ಟಿದ್ದಳು. ಒಳಗೆ ಎಲ್ಲವೂ ಇದೆಯಲ್ಲ, ಇನ್ನು ಅದು ಕೇಳುವುದಾದರೂ ಏನನ್ನು ಎಂದುಕೊಂಡು ಮುಚ್ಚುವ ಗೋಜಿಗೇ ಹೋಗಿರಲಿಲ್ಲ.

"ಹಳದಿ ಆದ ಮೇಲೆ?"

"ನಾನು ನೆಟ್ ಕೊಟ್ಟೆ," ಎಂದ ವಾಮನ. "ಆಚೆ ಬೋಟಿಂದ ಎಳ್ದು ಕೊಟ್ಟದ್ದು. ನಮ್ಮದು ಬಂದ್ ಮಾಡ್ಲಿಕ್ಕೆ ಹೇಳಿದ್ರಿ, ಮಾಡಿದ್ದೇನೆ. ಅವರದ್ದು ತೆಕ್ಕೊಳ್ಬಾರ್ದು ಅಂತ ನೀವು ಹೇಳ್ಲಿಲ್ಲ."

"ಪರೀಕ್ಷೆ ಮಾಡ್ತಿದ್ದೇವೆ ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತುಂಟು ಮೇಡಂ. ಆದ್ರೆ ಒಬ್ಬರಿಗೆ ಸಿಗ್ನಲ್ ಇಲ್ಲದಿದ್ರೆ ಪಕ್ಕದವರು ಕೊಡುದು ಇಲ್ಲಿ ಕ್ರಮ. ತಮ್ಮ ಹೋದ ಮೇಲಂತೂ ಹಳದಿ ದೀಪ ನೋಡಿಕೊಂಡು ಸುಮ್ಮನೆ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ತನ್ನ ಮೇಲೆ. ಹೊರಗಿನಿಂದ ಬಂದದ್ದನ್ನೆಲ್ಲ ಅಳಿಸಿ, ತೆರೆದಿಟ್ಟಿದ್ದ ಬಾಗಿಲನ್ನು ಮುಚ್ಚಿದಳು. ಆಚೆ ದೋಣಿಗೆ ದೂರ ಹೋಗಲು ಹೇಳಿಸಿದಳು. ತಂತಿಯನ್ನು ಸಿಕ್ಕಿಸಿ ಮತ್ತೆ ಕಿತ್ತಳು.

ಪೆಟ್ಟಿಗೆ ಗುಂಯ್‌ಗುಟ್ಟಿತು. ಹಳದಿಯಾಯಿತು. ಆಮೇಲೆ ಕೆಂಪಾಗಿ ಸುಮ್ಮನಾಯಿತು. ಒಂದು ತುಣುಕು ಇಲ್ಲ ಎಂದು ಪರದೆ ಹೇಳಿತು. ಅಲೆಗೆ ದೋಣಿ ತೂಗುವಾಗ ದಿಕ್ಸೂಚಿಯ ಮುಳ್ಳೂ ತೂಗುತ್ತದಲ್ಲ, ಆ ತೂಗಾಟವನ್ನು ಕಳೆದು ನಿಜವಾದ ದಿಕ್ಕನ್ನು ಹೇಳುವ ಪುಟ್ಟ ತುಣುಕು ಅದು. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಬಳಸಿದ ಯಂತ್ರದೊಳಗೆ ಅದರ ಹಳೆಯ ಪ್ರತಿಯೊಂದು ಎಂದೋ ಬಂದು ಉಳಿದುಕೊಂಡಿತ್ತು. ಭರಣಿ ಅಲ್ಲಿ ಅದನ್ನೇ ಎತ್ತಿ ಬಳಸಿತ್ತು; ಹಳತನ್ನು ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಹಿಡಿದಿತ್ತು, ಇಲ್ಲಿ ನೆಟ್ಟಿನಿಂದ ಹೊಸದೇ ಸಿಕ್ಕಿತ್ತು. ತನ್ನ ಭರಣಿಯಲ್ಲೇ ಇದೆ ಎಂದು ಅವಳು ನಂಬಿದ್ದು ನೆರೆಮನೆಯ ಸರಕನ್ನು.

ದೋಣಿ ಅಲೆಗೆ ಅಡ್ಡ ತಿರುಗಿತು. ಪಾತ್ರೆಗಳು ಉರುಳಿದವು. ಕೈಯಲ್ಲಿ ತಿರುಗಿಸುವ ಚಕ್ರವನ್ನು ಇಂಥ ದೋಣಿಗಳಿಂದ ತೆಗೆದು ಎಷ್ಟೋ ವರ್ಷವಾಗಿತ್ತು. ಕಿತ್ತ ತಂತಿಯನ್ನು ಸಿಕ್ಕಿಸಿದರೂ ಉಪಯೋಗವಾಗಲಿಲ್ಲ. ಹಳೆಯ ಪ್ರೋಗ್ರಾಮನ್ನು ಪೆಟ್ಟಿಗೆ ಆಗಲೇ ತೆಗೆದುಹಾಕಿತ್ತು.

"ಆಚೆಯವರನ್ನು ಕರೆಯಲಾ ಮೇಡಂ?" ವಾಮನನ ಕೈ ರೇಡಿಯೋ ಮೇಲಿತ್ತು. "ಒಂದು ಮಾತು ಹೇಳಿದ್ರೆ ಸಾಕು, ನೆಟ್ ಕೊಡ್ತಾರೆ."

"ನಿಮ್ಮ ತಮ್ಮನಿಗೆ ಕೊಡ್ಲಿಕ್ಕೆ ಯಾರಿದ್ರು?" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಆಡಿದ ಮೇಲೆ ನಾಚಿಕೆಯಾಯಿತು. ವಾಮನ ರೇಡಿಯೋದಿಂದ ಕೈ ತೆಗೆದ.

ಅವಳು ಕೀಲಿಮಣೆ ಎಳೆದುಕೊಂಡಳು. ಕೈಯಾರೆ ಪ್ರೋಗ್ರಾಮ್ ಬರೆಯಲು ಕಲಿತ ಕೊನೆಯ ತಂಡಗಳಲ್ಲಿ ಅವಳೂ ಒಬ್ಬಳು. ಆದರೆ ಅದು ಕಾಲೇಜಿನ ಮಾತು. ದಿಕ್ಸೂಚಿಯ ಹಿಂದಿನ ಹಲವು ಅಳತೆಗಳ ಸರಾಸರಿ ತೆಗೆಯಬೇಕು, ಹೊಸ ಅಳತೆಯನ್ನು ಅರ್ಧ ಮಾತ್ರ ನಂಬಬೇಕು ಎಂಬಷ್ಟು ನೆನಪಿತ್ತು. ಹೇಗೆ ಎಂಬುದು ಬೆರಳಿಗೆ ಬರುತ್ತಿರಲಿಲ್ಲ. ಮೊದಲು ಬರೆದದ್ದು ದೋಣಿಯನ್ನು ಇನ್ನಷ್ಟು ತಿರುಗಿಸಿತು. ಎರಡು ಸಾಲು ಅಳಿಸಿ ಮತ್ತೆ ಬರೆದಳು. ಈ ಬಾರಿ ಪೆಟ್ಟಿಗೆ ಹಸಿರಾಯಿತು. ದೋಣಿ ಕುಡಿದವನ ಹಾಗೆ ಅತ್ತಿತ್ತ ಹೊಯ್ದಾಡಿ, ಕೊನೆಗೂ ದಡದ ಕಡೆ ಮುಖ ಮಾಡಿತು.

ಬಂದರಿನಲ್ಲಿ ದೋಣಿಗಾರರ ಸಂಘದ ಅಧ್ಯಕ್ಷ ಮಹಾಬಲ ಕರ್ಕೇರ ಕಾಯುತ್ತಿದ್ದರು. "ನಾಳೆ ಬಿಡುದಲ್ವಾ? ಮಂಜುಗಡ್ಡೆ ಎಲ್ಲಾ ತುಂಬಿಸಿ ಆಗಿದೆ."

"ಒಂದು ತುಣುಕು ಬಿಟ್ಟುಹೋಗಿತ್ತು, ಈಗ ಸೇರಿಸಿದ್ದೇನೆ," ಎಂದಳು ನಿರುಪಮಾ. ಇನ್ನು ಭರಣಿ ತುಂಬಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಎರಡು ತಿಂಗಳು ಸಂಪಾದನೆಯಿಲ್ಲದೆ ಕೂತವರ ಮುಖಗಳು ಸುತ್ತಲೂ ಇದ್ದವು. "ಒಂದು ನಿಮಿಷ ಕೊಡಿ, ಅಮ್ಮನಿಗೆ ಮೊದಲು ಹೇಳ್ತೇನೆ. ಬೆಳಿಗ್ಗೆಯಿಂದ ಹೆದರಿ ಕೂತಿರ್ತಾರೆ."

ಪರೀಕ್ಷೆಯ ಸಲುವಾಗಿ ಅವಳು ಫೋನನ್ನು ಪ್ರಯೋಗಾಲಯದಲ್ಲೇ ಬಿಟ್ಟುಬಂದಿದ್ದಳು. ವಾಮನ ತನ್ನದನ್ನು ಕೊಟ್ಟ. ಅವಳು ಮೊದಲ ಎರಡು ಅಂಕೆ ಒತ್ತಿದಳು. ಬೆರಳು ನಿಂತಿತು. ಮತ್ತೆ ಮೊದಲಿನಿಂದ ಒತ್ತಿದಳು. ದಿನವೂ ಮಾತಾಡುವ ಅಮ್ಮನ ನಂಬರು ಅವಳ ತಲೆಯೊಳಗೆ ಇರಲಿಲ್ಲ. ಕಡಲಿನ ಮಧ್ಯೆ ಆಗದಿದ್ದ ಹೆದರಿಕೆ ಅವಳಿಗೆ ಬಂದರಿನ ಕಟ್ಟೆಯ ಮೇಲೆ ಆಯಿತು. ಹುಡುಕುವವರೆಗೂ ಇಲ್ಲ ಎಂಬುದು ಗೊತ್ತೇ ಆಗಿರಲಿಲ್ಲವಲ್ಲ.

ಫೋನನ್ನು ವಾಪಸು ಕೊಟ್ಟು ಅವಳು ಅಧ್ಯಕ್ಷರ ಕಡೆ ತಿರುಗಿದಳು. "ನಾಳೆ ಬೇಡ."

"ಸೇರಿಸಿದ್ದೇನೆ ಅಂದ್ರಿ. ಇನ್ನೆಂತ ಬಾಕಿ ಉಂಟು?"

"ಅದೇ ಗೊತ್ತಿಲ್ಲ ನನಗೆ. ಬಂದರು ಕಾಣುವಷ್ಟು ದೂರದಲ್ಲಿ ಪ್ರತಿ ದೋಣಿಯೂ ಒಂದು ದಿನ ಒಂಟಿಯಾಗಿ ನಿಲ್ಲಬೇಕು. ಹಳದಿ ದೀಪ ಹತ್ತಿದ್ರೂ ಯಾರೂ ಯಾರಿಗೂ ನೆಟ್ ಕೊಡಬಾರದು."

ಗದ್ದಲವೆದ್ದಿತು. ಮಂಜುಗಡ್ಡೆಯ ನಷ್ಟ ಯಾರು ಕೊಡ್ತಾರೆ ಎಂದು ಯಾರೋ ಕೂಗಿದರು. ವಾಮನ ತನ್ನ ದೋಣಿಯ ಹಗ್ಗವನ್ನು ಕಂಬಕ್ಕೆ ಇನ್ನೊಂದು ಸುತ್ತು ಬಿಗಿದ. "ನಮ್ಮದು ನಾಳೆ ಒಂಟಿಯಾಗಿ ನಿಲ್ತದೆ," ಎಂದ. "ಕೊಡದೆ ಕೂರುದು ಕಷ್ಟ. ಆದ್ರೂ ನೋಡುವ."

ನಿರುಪಮಾ ಸಂಜೆ ಮನೆ ತಲುಪಿದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಚಪ್ಪಲಿ ಬಿಡುವ ಮೊದಲೇ ಮಗಳು, "ಅಮ್ಮಾ, ನಿನ್ನ ನಂಬರ್ ಹೇಳು, ಬಾಯಿಪಾಠ ಮಾಡ್ಕೊಳ್ತೇನೆ," ಎಂದಳು.

ಅಮ್ಮ ಬಾಯಿ ತೆರೆದವರು ಹಾಗೆಯೇ ನಿಂತರು. ಆಮೇಲೆ, "ಇರು ಮಗಾ, ನೋಡಿ ಹೇಳ್ತೇನೆ," ಎನ್ನುತ್ತ ಫೋನು ಹುಡುಕಲು ಒಳಗೆ ಹೋದರು.