ಕಾರಿನ್ ಹೆಸರಿನ ಪಕ್ಕದಲ್ಲಿ

"ಟೀಚರಮ್ಮಾ, ನಿಮ್ಮ ಬಾಡಿಗೆಯವ್ರು ನನ್ನ ಅಣಕಿಸ್ತಾವ್ರೆ. ಸ್ವಲ್ಪ ಹೇಳಿ!"

ಮುನಿಶಾಮಿ ಡೋಲು ಕೆಳಗಿಟ್ಟು ಎದುರುಮನೆ ಜಗಲಿ ಕಡೆ ಕೈ ತೋರಿಸಿದ. ಮೂರು ದಿನದಿಂದ ನೋಡುತ್ತಿದ್ದ. ಬೆಳಿಗ್ಗೆ ಅವನು ಸಾಧನೆಗೆ ಕೂತರೆ ಸಾಕು, ಆ ಬಿಳಿ ಹೆಂಗಸು ಜಗಲಿಕಲ್ಲಿನ ಮೇಲೆ ಹತ್ತೂ ಬೆರಳು ಕುಣಿಸುತ್ತಾ ನಗುತ್ತಿದ್ದಳು.

ಮುಳಬಾಗಿಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದ ಶಾಮಲಮ್ಮ ವಿಚಾರಿಸಿ ಬಂದರು. "ಅಣಕ ಅಲ್ಲ ಕಣೋ. ನಿನ್ನ ಡೋಲಿನ ಐದೇಟಿನ ನಡೆ ಎಡಗೈಲಿಟ್ಕೊಂಡು, ಬಲಗೈಲಿ ಏಳೇಟು ಹಾಕೋಕೆ ನೋಡ್ತಾಳಂತೆ. ತಪ್ಪಿ ಹೋಗುತ್ತಂತೆ. ಅದಕ್ಕೇ ನಗು."

ಮುನಿಶಾಮಿಗೆ ನಾಚಿಕೆಯಾಯಿತು. ಓರೆಗಣ್ಣಿನಲ್ಲಿ ನೋಡಿದ. ಅವಳೂ ನೋಡುತ್ತಿದ್ದಳು.

ಹೆಸರು ಕಾರಿನ್. ಹದಿನೇಳನೇ ವಯಸ್ಸಿಗೇ ಸ್ವೀಡನ್ನಿನ ಹೋಟೆಲುಗಳಲ್ಲಿ ಜಾಝ್ ಪಿಯಾನೊ ನುಡಿಸಿದವಳು. ಬ್ಯಾಂಡಿನ ಯಜಮಾನನನ್ನೇ ಮದುವೆಯಾದಳು. ಹನ್ನೆರಡು ವರ್ಷ ಅವಳು ಕಟ್ಟಿದ ಸಂಗೀತವೆಲ್ಲ ಅವನ ಹೆಸರಲ್ಲಿ ರೆಕಾರ್ಡಾಯಿತು. ಕೊನೆಗೆ ಅವನಿಗೆ ವಿಚ್ಛೇದನ ಕೊಟ್ಟು ಬಂದಳು. ಆಮೇಲೆ ಹೊಸದೊಂದು ಸಾಲೂ ಹುಟ್ಟಲಿಲ್ಲ. ೧೯೭೯ರಲ್ಲಿ ಸಂಗೀತ ಕಛೇರಿಗೆಂದು ಬೆಂಗಳೂರಿಗೆ ಬಂದಾಗ ಯಾವುದೋ ಮದುವೆಯಲ್ಲಿ ಮುನಿಶಾಮಿಯ ಡೋಲು ಕೇಳಿ, ಊರು ಹುಡುಕಿಕೊಂಡು ಬಂದಿದ್ದಳು. ಬಂದರೂ ಮಾತಾಡಿಸಲು ಧೈರ್ಯ ಸಾಲದೆ ಕೂತಿದ್ದಳು.

ಅಂದಿನಿಂದ ದಿನವೂ ಅವನಿಂದ ಅವಳಿಗೆ ಲಯದ ಪಾಠ. ಶನಿವಾರ ಶಾಮಲಮ್ಮನೂ ಸೇರಿ ಮೂವರೂ ಬಸ್ಸು ಹತ್ತಿ ಕೋಲಾರಕ್ಕೆ. ಅಲ್ಲಿನ ಒಂದು ಶಾಲೆಯಲ್ಲಿ ಹಳೇ ಪಿಯಾನೊ ಇತ್ತು. ಮೊದಲ ಸಲ ಅವಳು ಅದನ್ನು ನುಡಿಸಿದಾಗ ಮುನಿಶಾಮಿ ಡೋಲು ಮರೆತು ಆ ಬೆರಳುಗಳನ್ನೇ ನೋಡುತ್ತಾ ಕೂತುಬಿಟ್ಟ.

"ಯಾಕೆ ನಿಲ್ಲಿಸಿದೆ?" ಎಂದಳು, ಶಾಮಲಮ್ಮ ಕಲಿಸಿದ ಕನ್ನಡದಲ್ಲಿ.

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ... ಸುಮ್ನೆ."

ಶಾಮಲಮ್ಮ ಕೆಮ್ಮಿದರು. "ಅದಕ್ಕೆ ಇಂಗ್ಲಿಷಿಲ್ಲಮ್ಮ."

ಮೂವರು ತಂಗಿಯರ ಮದುವೆ ಮಾಡುವಷ್ಟರಲ್ಲಿ ನಲವತ್ತು ದಾಟಿದ್ದ ಮುನಿಶಾಮಿ, ಈಗ ಕ್ರಾಪು ತಿದ್ದಿಕೊಂಡು ಪಾಠಕ್ಕೆ ಕೂರತೊಡಗಿದ. ಕಾರಿನ್‌ಗೆ ಮತ್ತೆ ಸಂಗೀತ ಹುಟ್ಟಿತು.

ಆರನೇ ತಿಂಗಳಿಗೆ ಸ್ವೀಡನ್ನಿನ ರೆಕಾರ್ಡ್ ಕಂಪನಿಯಿಂದ ಟೆಲಿಗ್ರಾಂ ಬಂತು. ನೀವು ಕಳಿಸಿದ ಹೊಸ ಕೃತಿಯನ್ನು ರೆಕಾರ್ಡ್ ಮಾಡುತ್ತೇವೆ, ಕೂಡಲೇ ಹೊರಡಿ. ಅವಳು ಬರೆದಿಟ್ಟ ಹಾಳೆಗಳನ್ನು ತಂದು ತೋರಿಸಿದಳು. ಮೇಲೆ ಎರಡು ಹೆಸರು, ಅವಳದು ಮತ್ತು ಅವನದು.

ಮುನಿಶಾಮಿ ಪೆನ್ನು ಕೇಳಿ ಪಡೆದು ತನ್ನ ಹೆಸರು ಹೊಡೆದುಹಾಕಿದ. "ಲಯ ನಮ್ಮ ತಾತ, ಮುತ್ತಾತಂದು. ಹಾಡು ಇವ್ರದ್ದು. ಇವ್ರ ಹೆಸರೊಂದೇ ಇರ್ಲಿ."

ಶಾಮಲಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಕಾರಿನ್ ಕಣ್ಣು ತುಂಬಿತು. ಒಂದೇ ಉಸಿರಿಗೆ ಏನೇನೋ ಹೇಳಿದಳು. ಶಾಮಲಮ್ಮ ನಾಚಿ ಎದ್ದು ನಿಂತರು. "ಇದನ್ನ ನಾನು ಹೇಳಲ್ಲಪ್ಪ. ನೀನೇ ಹೇಳ್ಕೋ ತಾಯಿ. ನಾನು ಕಾಫಿಗಿಡ್ತೀನಿ."

ಕಾರಿನ್ ಮಾತು ಹುಡುಕಿದಳು. "ಹಾಡಿನ ಮೇಲೆ ನಿನ್ನ ಹೆಸರು ಬೇಡ. ಸರಿ. ಕೋಲಾರ ಆಫೀಸು... ಮದುವೆ ಪುಸ್ತಕ... ಅಲ್ಲಿ ನನ್ನ ಹೆಸರು ಪಕ್ಕ ಬರೀತೀಯಾ?"

ಮುನಿಶಾಮಿ ಪೆನ್ನಿನ ಮುಚ್ಚಳ ಹಾಕಿದ. "ನಾನು ನಿಮ್ಮ ದೇಶಕ್ಕೆ ಬರೋಕಾಗಲ್ಲ. ಅಮ್ಮ ಇದಾಳೆ."

"ನಾನು ಬರ್ತೀನಿ. ವರ್ಷಕ್ಕೆ ಮೂರು ತಿಂಗಳು ಅಲ್ಲಿ ಕಛೇರಿ. ಆಮೇಲೆ ಇಲ್ಲಿ. ಮಾವಿನಹಣ್ಣು ಬಂದಾಗ ಬರ್ತೀನಿ."

"ಹೋಗಿ ಬೇಗ ಬಾ," ಎಂದ. ಬಹುವಚನ ತಾನಾಗಿ ಬಿದ್ದುಹೋಗಿತ್ತು.

ಮಾವು ಬಂತು, ಅವಳು ಬರಲಿಲ್ಲ. ರೆಕಾರ್ಡಿಂಗ್ ತಡವಾಗಿದೆ ಎಂದು ಒಂದು ಕಾಗದ ಬಂತು. ಪಕ್ಕದ ಶ್ರೀನಿವಾಸಪುರದ ಮಾವಿನ ತೋಟಗಳೆಲ್ಲ ಬರಿದಾದವು. ತಾಯಿ ದೊಡ್ಡಮುನಿಯಮ್ಮ ಮಗನ ತಟ್ಟೆಗೆ ಸಾರು ಹೆಚ್ಚಾಗಿ ಬಡಿಸುತ್ತಿದ್ದಳು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಬಾಗಿಲಲ್ಲಿ ಪೆಟ್ಟಿಗೆ ಇಳಿದ ಸದ್ದಾಯಿತು. ಮೊದಲು ಎದ್ದವಳು ದೊಡ್ಡಮುನಿಯಮ್ಮ. "ವಚ್ಚಿಂದಿರಾ, ಮುನಿಶಾಮಿ! ವಚ್ಚಿಂದಿ!" ಅವಳು ಬಂದಳೆಂದು ತೆಲುಗಿನಲ್ಲಿ ಕೂಗಿಕೊಂಡಳು.

ಮದುವೆಗೆ ಕೊಟ್ಟ ತಿಂಗಳ ನೋಟೀಸು ಮುಗಿದ ಮೇಲೆ ಕೋಲಾರದ ರಿಜಿಸ್ಟ್ರಾರ್ ಮುಂದೆ ಕಾರಿನ್ ಮೊದಲು ಸಹಿ ಮಾಡಿದಳು. ಎಷ್ಟೋ ಮದುವೆಗಳಿಗೆ ಡೋಲು ಬಾರಿಸಿದ ಮುನಿಶಾಮಿ ತನ್ನ ಮದುವೆಯಲ್ಲಿ ಪೆನ್ನನ್ನು ಡೋಲಿನ ಕೋಲಿನಂತೆ ಹಿಡಿದ. ಅವಳು ಎಲ್ಲರೆದುರಿಗೇ ಅವನ ಮೊಣಕೈ ಹಿಡಿದುಕೊಂಡಳು. ಅವನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ, ತನ್ನ ಹೆಸರು ಬರೆದ.